ಮುಚ್ಚಳಿಕೆಯ ಮೂರನೇ ಸಾಲು

ನಮ್ಮ ಮನೆತನದಲ್ಲಿ ಬಿ.ಎ. ಪಾಸು ಮಾಡಿದವನು ನಾನೇ ಮೊದಲಿಗ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದು ಮೂರನೇ ಸಲಕ್ಕೆ ಪಾಸಾದವನು ಸಂಕೋಚ ಯಾಕೆ ಪಡಬೇಕು? ಅಂತರಸಂತೆಯ ಆಚೆಗಿನ ನಮ್ಮೂರಲ್ಲಿ ರಾಗಿ, ಹುರುಳಿ ಬೆಳೆಯುತ್ತಿದ್ದೆವು. ಆನೆ ತಿಂದು ಬಿಟ್ಟಿದ್ದು ನಮಗೆ. ಅಪ್ಪನಿಗೂ ಅವ್ವನಿಗೂ ಅಕ್ಷರ ಗೊತ್ತಿರಲಿಲ್ಲ. ಕಾಗದ ಅಂದರೆ ಹೆಬ್ಬೆಟ್ಟು ಒತ್ತುವ ವಸ್ತು, ಅಷ್ಟೆ.

ಆ ಬಿ.ಎ.ಯಲ್ಲಿ ಕಾಲುಪಾಲಾದರೂ ಹುಣಸೂರಿನ ಒಬ್ಬ ಪುಸ್ತಕ ಕಟ್ಟುವವರಿಗೆ ಸೇರಬೇಕು. ಊರವರೆಲ್ಲ ಅವರನ್ನು ಬೈಂಡಿಂಗ್ ಸಾಬರು ಅನ್ನುತ್ತಿದ್ದರು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರ ಅಂಗಡಿ. ಹಿಂದುಗಡೆ ಮನೆ, ನಡುವೆ ಕೆಲಸದ ಜಾಗ, ಮುಂದೆ ಬೀದಿಗೆ ತೆರೆದುಕೊಂಡಂತೆ ಎರಡು ಬೆಂಚು, ಒಂದು ಬೀರು. ಬೆಂಚಿನ ಮೇಲೆ ಒಂದು ಕನ್ನಡ ಪೇಪರು, ಒಂದು ಉರ್ದು ಪೇಪರು. ಯಾರು ಬೇಕಾದರೂ ಬಂದು ಓದಬಹುದಿತ್ತು. ಮೈದಾ ಅಂಟಿಗೆ ಹುಳ ಬೀಳದಿರಲಿ ಅಂತ ಮೈಲುತುತ್ತ ಹಾಕಿ ಕಾಯಿಸುತ್ತಿದ್ದರು. ಅದರ ವಾಸನೆ ಬೀದಿಯ ತಿರುವಿಗೇ ಬರುತ್ತಿತ್ತು. ನಾನು ಪಿ.ಯು.ಸಿ. ಓದುವಾಗ ಸಂಜೆ ಅಲ್ಲಿ ಕೂರುತ್ತಿದ್ದೆ. ರಿಪೇರಿಗೆ ಬಂದ ಹಳೆಯ ಪಠ್ಯಪುಸ್ತಕಗಳನ್ನು ಹೊಲಿಯುವುದಕ್ಕೆ ಮುಂಚೆ ಒಂದು ವಾರ ನನ್ನ ಕೈಗೆ ಕೊಡುತ್ತಿದ್ದರು. "ಬಿಡಿ ಹಾಳೆ ಓದೋದು ಸುಲಭ, ತಲೆ ಮೇಲೆ ಭಾರ ಬೀಳಲ್ಲ" ಅಂತ ತಮಾಷೆ ಮಾಡುವರು. ಬಿ.ಎ. ಓದಲು ನಾನು ಮೈಸೂರಿಗೆ ಹೋದಾಗಲೂ ರಜೆಗೆ ಬಂದರೆ ಮೊದಲು ಇಳಿಯುತ್ತಿದ್ದುದು ಆ ಬೆಂಚಿಗೆ.

ಬೀರುವಿನಲ್ಲಿ ಇದ್ದವು ಅವರ ಸಂಘಟನೆಯ ಪುಸ್ತಕಗಳು. ಆ ಸಂಘಟನೆಯ ಹೆಸರು ಇಲ್ಲಿ ಬರೆಯುವುದಿಲ್ಲ. ಆಗ ಬರೆದೇ ಸಾಕಾಗಿದೆ. ದೇಶ ಒಡೆಯುವುದಕ್ಕೆ ಮುಂಚೆ ಹುಟ್ಟಿದ್ದು, ಒಡೆದ ಮೇಲೆ ಗಡಿಯ ಎರಡೂ ಕಡೆ ಬೇರೆಬೇರೆಯಾಗಿ ಉಳಿದದ್ದು. ಅಂಥದ್ದೇ ಇನ್ನೊಂದು ಈಜಿಪ್ಟಿನ ಕಡೆಯೂ ಇದೆ, ಅಲ್ಲಿನ ಸರ್ಕಾರ ಅವರನ್ನು ಜೈಲಿಗೆ ಹಾಕಿದೆ ಅಂತ ಸಾಬರು ಹೇಳುತ್ತಿದ್ದರು. ಅವರ ತತ್ವ ಇಷ್ಟು: ದೇವರ ಮಾತು ನಮಾಜಿಗೆ ಮಾತ್ರ ಅಲ್ಲ, ವ್ಯಾಪಾರಕ್ಕೂ, ಸಂಸಾರಕ್ಕೂ, ರಾಜ್ಯ ಆಳುವುದಕ್ಕೂ ಅದೇ ಆಗಬೇಕು. ಹುಣಸೂರಲ್ಲಿ ಅದಕ್ಕೆ ಸೇರಿದವರು ಏಳೆಂಟು ಜನ. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ಬೆಂಕಿ ನೋಡಿಕೊಳ್ಳುವ ಇಬ್ಬರು, ರಿಟೈರಾದ ಒಬ್ಬ ಉರ್ದು ಮೇಷ್ಟ್ರು, ಹೀಗೆ. ಊರಿನ ಬಾಕಿ ಮುಸಲ್ಮಾನರಿಗೆ ಇವರನ್ನು ಕಂಡರೆ ಅಷ್ಟಕ್ಕಷ್ಟೆ. ದರ್ಗಾ ಉರುಸಿಗೆ ಬರುವುದಿಲ್ಲ, ತಾಯಿತ ಕಟ್ಟಿಸುವುದಿಲ್ಲ, ಓಟೂ ಹಾಕುವುದಿಲ್ಲ ಅಂತ. ಮಸೀದಿಯಲ್ಲಿ ಬಾಂಗು ಕೂಗುವ ಮುಲ್ಲಾ ಅವರು ಸಾಬರ ಜೊತೆ ಜಗಳವಾಡಿ ಮಾತು ಬಿಟ್ಟಿದ್ದರು.

ಓಟಿನ ವಿಚಾರಕ್ಕೆ ನಾನೂ ಜಗಳ ಆಡಿದ್ದೇನೆ. ನಮ್ಮಪ್ಪನಂಥವನಿಗೆ ಈ ದೇಶದಲ್ಲಿ ಸಿಕ್ಕಿದ್ದೇ ಒಂದು ಓಟು, ನೀವು ಅದನ್ನು ಬೇಡ ಅಂತೀರಲ್ಲ ಅಂದಿದ್ದೆ. ಅವರು ಸಿಟ್ಟಾಗಲಿಲ್ಲ, ಒಪ್ಪಲೂ ಇಲ್ಲ. ದೇವರ ಆಳ್ವಿಕೆ ಅಂತ ಯಾರು ಹೇಳಿದರೂ ನನಗೆ ಭಯವೇ, ಈಗಲೂ. ಆದರೆ ಆ ಮನುಷ್ಯನ ಬಗ್ಗೆ ನನಗೆ ಒಂದು ದಿನವೂ ಭಯವಾಗಲಿಲ್ಲ. ಲಕ್ಷ್ಮಣತೀರ್ಥ ಉಕ್ಕಿ ಕೆಳಗಿನ ಬೀದಿಗೆ ನೀರು ನುಗ್ಗಿದ ವರ್ಷ ಆ ಏಳೆಂಟು ಜನ ಸೊಂಟದವರೆಗೆ ನೀರಿನಲ್ಲಿ ನಿಂತು, ಜಾತಿ ಕೇಳದೆ ಮುದುಕರನ್ನು ಹೊತ್ತು ತಂದಿದ್ದನ್ನು ನೋಡಿದ್ದೇನೆ.

ಅವರಲ್ಲಿ ಒಂದು ಪದ್ಧತಿ ಇತ್ತು. ಭಾನುವಾರ ಬೆಳಿಗ್ಗೆ ಆ ಬೆಂಚಿನ ಮೇಲೆ ಸೇರಿ, ಒಬ್ಬೊಬ್ಬರಾಗಿ ಆ ವಾರ ತಾವು ಮಾಡಿದ ತಪ್ಪನ್ನು ಎಲ್ಲರ ಎದುರಿಗೆ ಹೇಳಬೇಕು. ಬೆಳಗಿನ ನಮಾಜು ತಪ್ಪಿದ್ದು, ಹೆಂಡತಿಗೆ ಗದರಿದ್ದು, ಗಿರಾಕಿಗೆ ನಾಳೆ ಕೊಡುತ್ತೇನೆ ಅಂತ ಸುಳ್ಳು ಹೇಳಿದ್ದು. ನಾನು ಪಕ್ಕದಲ್ಲಿ ಪೇಪರು ಹಿಡಿದುಕೊಂಡೇ ಕಿವಿಗೊಡುತ್ತಿದ್ದೆ. ಒಂದು ವಾರ ಸಾಬರು, ತಾಲ್ಲೂಕು ಕಚೇರಿಯ ರಿಜಿಸ್ಟರಿಗೆ ಹೊಸ ಕ್ಯಾಲಿಕೋ ಬಟ್ಟೆ ಅಂತ ಹೇಳಿ ಹಳೇದು ಹಾಕಿದೆ ಅಂತ ಹೇಳಿದರು. ಸೋಮವಾರ ಹೋಗಿ ಆ ರಿಜಿಸ್ಟರು ವಾಪಸ್ಸು ತಂದು ಬಟ್ಟೆ ಬದಲಾಯಿಸಿದರು. ಕಚೇರಿಯವರಿಗೆ ಯಾಕೆ ಅಂತಲೇ ತಿಳಿಯಲಿಲ್ಲ.

ಮುಂದೆ ನನಗೆ ಅದೇ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತು. ಅಂದಿನಿಂದ ಸಾಬರು ನನ್ನನ್ನು ಏಕವಚನದಲ್ಲಿ ಕರೆಯುವುದು ಬಿಟ್ಟರು. ಬೇಡ ಅಂದರೂ ಕೇಳಲಿಲ್ಲ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ, ಪ್ರೊಬೇಷನ್ ನಡೆಯುತ್ತಿತ್ತು. ಅಷ್ಟರಲ್ಲಿ ತುರ್ತು ಪರಿಸ್ಥಿತಿ ಬಂತು. ಬಂದ ಮರುತಿಂಗಳು ಸರ್ಕಾರ ಒಂದಷ್ಟು ಸಂಘಟನೆಗಳನ್ನು ನಿಷೇಧಿಸಿತು. ಹಿಂದೂಗಳದ್ದೂ ಇತ್ತು, ಕೆಂಬಾವುಟದವರದ್ದೂ ಇತ್ತು, ಸಾಬರದ್ದೂ ಇತ್ತು. ಒಂದು ಬೆಳಿಗ್ಗೆ ಪೊಲೀಸರು ಬಂದು ಬೀರು ಖಾಲಿ ಮಾಡಿ, ಅಂಗಡಿಗೆ ಸೀಲು ಹಾಕಿ, ಸಾಬರನ್ನು ಸಬ್ ಜೈಲಿಗೆ ತಂದರು. ಸಬ್ ಜೈಲು ನಮ್ಮ ಕಚೇರಿಯ ಆವರಣದಲ್ಲೇ. ನನ್ನ ಮೇಜಿನಿಂದ ಅದರ ಬಾಗಿಲು ಕಾಣುತ್ತಿತ್ತು.

ಸೀಲು ಹಾಕಿದವರು ಒಂದು ವಿಷಯ ನೋಡಿರಲಿಲ್ಲ. ಒಳಗೆ ನಮ್ಮ ಕಚೇರಿಯದೇ ಪಹಣಿ ಪುಸ್ತಕಗಳು, ಎರಡು ಹೋಬಳಿಯವು, ಬೈಂಡಿಂಗಿಗೆ ಅಂತ ಕೊಟ್ಟಿದ್ದು, ಬಿಚ್ಚಿದ ಸ್ಥಿತಿಯಲ್ಲಿ ಬಿದ್ದಿದ್ದವು. ಜಮಾಬಂದಿ ಹತ್ತಿರ ಬಂದಿತ್ತು. ಲೆಕ್ಕ ತಪಾಸಣೆಗೆ ಮೇಲಿನ ಸಾಹೇಬರು ಬಂದು ಪಹಣಿ ಕೇಳಿದರೆ ಏನು ತೋರಿಸುವುದು? ತಹಸೀಲ್ದಾರರು ಪೊಲೀಸರನ್ನು ಕರೆಸಿದರೆ ಅವರು, ಸೀಲು ಒಡೆಯಲು ಮೈಸೂರಿನ ಹುಕುಂ ಬೇಕು ಸಾರ್ ಅಂದರು. "ಸರ್ಕಾರದ ಆಸ್ತಿಯನ್ನ ಸರ್ಕಾರವೇ ಜಪ್ತಿ ಮಾಡ್ಕೊಂಡಂಗಾಯ್ತಲ್ರೀ" ಅಂತ ತಹಸೀಲ್ದಾರರು ಹಣೆ ಒತ್ತಿಕೊಂಡರು.

ಅದಕ್ಕೆ ಅವರೇ ದಾರಿಯನ್ನೂ ಹುಡುಕಿದರು. ತಾಲ್ಲೂಕು ಮ್ಯಾಜಿಸ್ಟ್ರೇಟರಾಗಿ ಅವರಿಗೆ ಮುಚ್ಚಳಿಕೆ ಬರೆಸಿಕೊಳ್ಳುವ ಅಧಿಕಾರ ಇತ್ತು. ಮುಚ್ಚಳಿಕೆ ಅಂದರೆ ಇನ್ನು ಮುಂದೆ ಸರಿಯಾಗಿ ನಡೆದುಕೊಳ್ಳುತ್ತೇನೆ ಅಂತ ಬರೆದು ರುಜು ಹಾಕಿ ಕೊಡುವ ಕಾಗದ. ಸಾಬರು ರುಜು ಹಾಕಿದರೆ ಅವತ್ತೇ ಮನೆಗೆ, ಅಂಗಡಿಯ ಬಾಗಿಲೂ ತೆರೆಯುತ್ತದೆ. ಹಾಕದಿದ್ದರೆ ಮೂರು ದಿನದೊಳಗೆ ಕಡತ ಮೈಸೂರಿಗೆ. ಅಲ್ಲಿಂದ ಬಂಧನದ ಹುಕುಂ. ಆಮೇಲೆ ಎಷ್ಟು ದಿನ ಅಂತ ಕೇಳುವ ಹಾಗಿಲ್ಲ. ಅದೇ ರೀತಿ ಕೆ.ಆರ್. ನಗರದಲ್ಲೂ ಪಿರಿಯಾಪಟ್ಟಣದಲ್ಲೂ ಬರೆಸಿಕೊಳ್ಳುತ್ತಿದ್ದರು. ಮೈಸೂರಿನಿಂದ ಒಂದು ಮಾದರಿ ಬಂದಿತ್ತು. ಕನ್ನಡದಲ್ಲಿ ಚೆನ್ನಾಗಿ ಬರೆಯುವವನು ಅಂತ ತಹಸೀಲ್ದಾರರು ಅದನ್ನು ನನ್ನ ಕೈಗೆ ಕೊಟ್ಟರು.

ಸಾಬರಿಗೆ ಮನೆಗೆ ಹೋಗುವುದು ಬೇಕಾಗಿತ್ತು, ಬಹಳ ಬೇಕಾಗಿತ್ತು. ಒಬ್ಬಳೇ ಮಗಳು ಚೊಚ್ಚಲ ಹೆರಿಗೆಗೆ ಅಂತ ಬಂದಿದ್ದಳು, ದಿನ ತುಂಬಿತ್ತು. ಅಳಿಯ ಎನ್. ಬೇಗೂರಿನ ಕಡೆ ಕಾಡಿನೊಳಗೆ ಮರ ಕಡಿಯುವ ಕೂಪಿನಲ್ಲಿ ಕೆಲಸಕ್ಕಿದ್ದ. ಮಗು ಹುಟ್ಟಿದ ತಕ್ಷಣ ಮನೆಯ ಗಂಡಸು ಅದನ್ನು ಎತ್ತಿಕೊಂಡು ಬಲಗಿವಿಯಲ್ಲಿ ಬಾಂಗು ಹೇಳಬೇಕು. ಅದು ಕೇಳುವ ಮೊದಲ ಮಾತು ಅದಾಗಬೇಕು. ಸಬ್ ಜೈಲಿನಲ್ಲಿ ನಾನು ಮೊದಲ ದಿನ ಮಾತಾಡಿಸಲು ಹೋದಾಗ ಅವರು ಹೇಳಿದ್ದು ಇದೊಂದೇ. ಬೀರು ಹೋಯಿತು, ಅಂಗಡಿ ಹೋಯಿತು ಅಂತ ಏನೂ ಅನ್ನಲಿಲ್ಲ.

ನಾನು ಕೂತು ಮುಚ್ಚಳಿಕೆ ಬರೆದೆ. ಮೈಸೂರಿನ ಮಾದರಿಯಲ್ಲಿ ಇದ್ದದ್ದು ಎರಡೇ ಸಾಲು. ಸದರಿ ನಿಷೇಧಿತ ಸಂಘಟನೆಯ ಚಟುವಟಿಕೆಗಳಲ್ಲಿ ಇನ್ನು ಮುಂದೆ ಭಾಗವಹಿಸುವುದಿಲ್ಲ. ಸಾರ್ವಜನಿಕ ಶಾಂತಿಗೆ ಭಂಗ ತರುವುದಿಲ್ಲ. ನನಗೆ ಅದು ಬಡಕಲು ಅನ್ನಿಸಿತು. ಇಷ್ಟೇ ಕೊಟ್ಟರೆ ನಾಳೆ ಇನ್ನೊಬ್ಬ ಅಧಿಕಾರಿ ಬಂದು, ಹಾಗಾದರೆ ಹಿಂದೆ ಇದ್ದೆಯಲ್ಲ ಅಂತ ಮತ್ತೆ ಹಿಡಿಯಬಹುದು. ಬುಡಕ್ಕೇ ಕತ್ತರಿ ಹಾಕಿಬಿಡೋಣ ಅಂತ ಮೂರನೆಯದೊಂದು ಸಾಲು ಸೇರಿಸಿದೆ: "ನಾನು ಸದರಿ ಸಂಘಟನೆಯ ಸದಸ್ಯನಾಗಿರುವುದಿಲ್ಲ, ಹಿಂದೆಂದೂ ಆಗಿದ್ದವನಲ್ಲ." ಸಾಲು ನೋಡಿ ನನಗೇ ಹೆಮ್ಮೆಯಾಯಿತು. ತಹಸೀಲ್ದಾರರು ಓದಿ, ಬಿ.ಎ. ಓದಿದ್ದು ಸಾರ್ಥಕ ಆಯ್ತು ನೋಡ್ರಿ ಅಂದರು. ಅವರ ಬಾಯಿಂದ ನಾನು ಕೇಳಿದ ಮೊದಲ ಹೊಗಳಿಕೆ ಅದು.

ಕಾಗದ ತೆಗೆದುಕೊಂಡು ಸಬ್ ಜೈಲಿಗೆ ಹೋದೆ. ಸಾಬರು ಕನ್ನಡ ಚೆನ್ನಾಗಿ ಓದುತ್ತಿದ್ದರು. ಕನ್ನಡಕ ಏರಿಸಿ ಒಂದು ಸಲ ಓದಿದರು, ಇನ್ನೊಂದು ಸಲ ಓದಿದರು. ಪೆನ್ನು ಕೇಳಿದರು. ನಾನು ಕೊಟ್ಟೆ. ಪೆನ್ನು ಹಿಡಿದುಕೊಂಡೇ ಮೂರನೇ ಸಾಲಿನ ಮೇಲೆ ಬೆರಳಿಟ್ಟರು.

"ಮೇಲಿನ ಎರಡಕ್ಕೂ ಈಗಲೇ ರುಜು ಹಾಕ್ತೀನಿ. ಸರ್ಕಾರ ಮುಚ್ಚಿ ಅಂದ್ರೆ ಮುಚ್ತೀವಿ, ತೆಗೀರಿ ಅನ್ನೋವರ್ಗೂ ಸುಮ್ನಿರ್ತೀವಿ. ಇದೊಂದು ಹೊಡೆದು ಹಾಕಿ."

ಅದು ಬರೀ ಬರವಣಿಗೆ, ಎಲ್ಲ ಕಾಗದದಲ್ಲೂ ಹೀಗೇ ಇರುತ್ತೆ ಅಂದೆ.

"ಇಪ್ಪತ್ತು ವರ್ಷ ಇದ್ದೀನಪ್ಪಾ ಅದರಲ್ಲಿ. ಇದಕ್ಕೆ ರುಜು ಹಾಕಿಬಿಟ್ಟು, ಭಾನುವಾರ ನಾನೇನು ಹೇಳಲಿ?"

ಇನ್ನು ಭಾನುವಾರಗಳೇ ಇಲ್ಲವಲ್ಲ ಸಾಬರೇ ಅಂದೆ. ಹೇಳಿದ ಮೇಲೆ ಅದು ಎಂಥ ಮಾತು ಅಂತ ಗೊತ್ತಾಯಿತು. ಅವರು ಪೆನ್ನಿಗೆ ಮುಚ್ಚಳ ಹಾಕಿ ವಾಪಸ್ಸು ಕೊಟ್ಟರು. ಆಗ ನಾನು ಈ ಐವತ್ತು ವರ್ಷದಲ್ಲಿ ಮರೆಯಲಾಗದ ಸುಳ್ಳು ಹೇಳಿದೆ. ಇದು ಮೈಸೂರಿನಿಂದ ಬಂದ ಮಾದರಿ, ಒಂದಕ್ಷರ ಅತ್ತಿತ್ತ ಮಾಡುವ ಹಾಗಿಲ್ಲ, ತಹಸೀಲ್ದಾರರ ಕೈಲೂ ಆಗುವುದಿಲ್ಲ ಅಂದೆ. ಹಾಗಂದರೆ ಬೇರೆ ದಾರಿ ಇಲ್ಲ ಅಂತ ರುಜು ಹಾಕಿಯಾರು ಅಂದುಕೊಂಡೆ. ಅವರು, ಹಾಗಾದರೆ ನೀವು ತಾನೆ ಏನು ಮಾಡ್ತೀರಿ ಅಂತ ನನಗೇ ಸಮಾಧಾನ ಹೇಳಿದರು.

ಮರುದಿನ ಅಪ್ಪ ಹೊಗೆಸೊಪ್ಪು ಮಾರುವವರ ಗಾಡಿ ಹತ್ತಿ ಹುಣಸೂರಿಗೆ ಬಂದಿದ್ದ. ಕಚೇರಿಯ ಮರದ ಕೆಳಗೆ ಕೂತು ಎಲೆ ಅಡಿಕೆ ಜಗಿಯುತ್ತಾ ನನ್ನ ಮುಖ ನೋಡಿ ಏನ್ಲಾ ಅಂದ. ಹೇಳಿದೆ. ಮೂರನೇ ಸಾಲು ನಾನೇ ಹಾಕಿದ್ದು ಅನ್ನುವುದನ್ನೂ ಹೇಳಿದೆ. ಅಪ್ಪನಿಗೆ ಸಾಬರ ಮೇಲೆ ಗೌರವ ಇತ್ತು, ಆದರೆ ಈ ಹಟ ಅರ್ಥವಾಗಲಿಲ್ಲ.

"ನಾನು ಎಷ್ಟು ಕಾಗ್ದುಕ್ಕೆ ಒತ್ತಿಲ್ಲ ಏಳು. ಒಂದ್ರಲ್ಲಾದ್ರೂ ಏನೈತೆ ಅಂತ ಕೇಳಿದ್ನಾ? ಅದ್ರಲ್ಲಿ ಇರೋ ಮಾತು ಸರ್ಕಾರದ್ದು ಕಣ್ಲಾ. ಎಬ್ಬೆಟ್ಟೊಂದೇ ನಮ್ದು. ಒತ್ಬುಟ್ಟು ಮನೇಗ್ ಓಗಕ್ಕೇನು ಅವ್ರಿಗೆ?"

ಅಪ್ಪ ಹೇಳಿದ್ದನ್ನು ಕೇಳಿ ನನಗೆ ನನ್ನ ತಪ್ಪು ಎಲ್ಲಿದೆ ಅಂತ ಕಂಡಿತು. ಡಿಗ್ರಿ ಸಿಕ್ಕಿತ್ತು, ರುಜು ಹಾಕಲು ಕಲಿತಿದ್ದೆ, ಆದರೆ ಒಳಗೆ ಇನ್ನೂ ಹೆಬ್ಬೆಟ್ಟಿನವನೇ. ಕಚೇರಿ ಕಾಗದದ ಮಾತು ಯಾರ ಮಾತೂ ಅಲ್ಲ, ಎಷ್ಟು ಬೇಕಾದರೂ ಸೇರಿಸಬಹುದು ಅಂತ ತಿಳಿದಿದ್ದೆ. ಸಾಬರು ಹಾಗಲ್ಲ. ಅವರು ರುಜು ಹಾಕಿದರೆ ಅದರ ಮೇಲಿರುವುದೆಲ್ಲ ಅವರೇ ಬಾಯಿಬಿಟ್ಟು ಹೇಳಿದ ಹಾಗೆ.

ಅಪ್ಪನನ್ನು ಬಸ್ಸು ಹತ್ತಿಸಿ ಕಚೇರಿಗೆ ಬಂದಾಗ ಇನ್ನೂ ಒಂದೂವರೆ ದಿನ ಇತ್ತು. ಹೋಗಿ ತಹಸೀಲ್ದಾರರಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು: ಸಾರ್, ಆ ಸಾಲು ಮಾದರಿಯಲ್ಲಿ ಇಲ್ಲ, ನಾನು ಸೇರಿಸಿದ್ದು, ತೆಗೆದು ಬರೆಯುತ್ತೇನೆ. ಹೋಗಲಿಲ್ಲ. ಅದೇ ದಿನ ಮಫ್ತಿಯಲ್ಲಿದ್ದ ಒಬ್ಬ ಪೊಲೀಸು ನಮ್ಮ ಕಚೇರಿಗೆ ಬಂದು, ಸಾಬರ ಬೆಂಚಿನ ಮೇಲೆ ಪೇಪರು ಓದುತ್ತಿದ್ದವರು ಯಾರ್ಯಾರು ಅಂತ ಕೇಳಿಕೊಂಡು ಹೋಗಿದ್ದ. ನಿನಗ್ಯಾಕಯ್ಯಾ ಅವರ ಮೇಲೆ ಇಷ್ಟು ಕಾಳಜಿ ಅಂತ ತಹಸೀಲ್ದಾರರು ಕೇಳಿದರೆ ಏನು ಹೇಳಲಿ? ಪ್ರೊಬೇಷನ್ನಿನವನು. ಊರಲ್ಲಿ ಮೂರು ಜನ ತಮ್ಮ ತಂಗಿಯರು. ಇದು ಒಂದು ಕಾರಣ. ಇನ್ನೊಂದು ಕಾರಣ ಹೇಳಲು ಹೆಚ್ಚು ನಾಚಿಕೆ. ಹೊಗಳಿಸಿಕೊಂಡ ಸಾಲು ತಪ್ಪು ಅಂತ ಒಪ್ಪಿಕೊಳ್ಳಲು ನನಗೆ ಮನಸ್ಸು ಬರಲಿಲ್ಲ.

ಈ ನಡುವೆ ಮೈಸೂರಿನಿಂದ ಸೀಲು ಒಡೆಯುವ ಹುಕುಂ ಬಂತು. ಮಹಜರು ಬರೆದು, ಪಹಣಿ ಪುಸ್ತಕಗಳನ್ನು ಬಿಚ್ಚಿದ ಹಾಗೇ ಗೋಣಿಯಲ್ಲಿ ತುಂಬಿ ಕಚೇರಿಗೆ ಸಾಗಿಸಿದರು. ಪುಸ್ತಕ ಕೈಗೆ ಬಂದ ಮೇಲೆ ತಹಸೀಲ್ದಾರರಿಗೆ ಸಾಬರ ಅವಸರ ಇರಲಿಲ್ಲ. ಆಸಾಮಿ ಮುಚ್ಚಳಿಕೆ ಬರೆದುಕೊಡಲು ನಿರಾಕರಿಸಿದ್ದಾನೆ ಅಂತ ಕಡತದಲ್ಲಿ ಬರೆಸಿದರು. ಬರೆದವನು ನಾನೇ. ಮೂರನೇ ದಿನ ಮಧ್ಯಾಹ್ನ ಇಬ್ಬರು ಕಾನ್ಸ್‌ಟೇಬಲ್ಲುಗಳು ಅವರನ್ನು ಮೈಸೂರಿನ ಬಸ್ಸಿಗೆ ಹತ್ತಿಸಿದರು. ಅವರು ಕಿಟಕಿಯ ಪಕ್ಕ ಕೂತು ನನ್ನ ಕಡೆ ಕೈ ಎತ್ತಿದರು.

ಅದಾದ ಆರನೇ ದಿನಕ್ಕೆ ಮಗಳಿಗೆ ಹೆಣ್ಣು ಮಗು ಆಯಿತು. ಕಾಡಿನಲ್ಲಿದ್ದ ಅಳಿಯನಿಗೆ ಸುದ್ದಿ ಮುಟ್ಟಿರಲಿಲ್ಲ. ಉರ್ದು ಮೇಷ್ಟ್ರನ್ನೂ ಹಿಡಿದಿದ್ದರು. ಬಾಕಿಯವರು ಆ ಬೀದಿಗೇ ಬರುತ್ತಿರಲಿಲ್ಲ. ಕೊನೆಗೆ ಸಾಬರ ಜೊತೆ ಮಾತು ಬಿಟ್ಟಿದ್ದ ಮಸೀದಿಯ ಮುಲ್ಲಾ ಅವರೇ, ಯಾರೂ ಕರೆಯದೆ, ಬಂದು ಮಗುವಿನ ಕಿವಿಯಲ್ಲಿ ಬಾಂಗು ಹೇಳಿ ಹೋದರಂತೆ.

ಆ ಮನೆಗೆ ನಾನು ಹೋಗುವುದು ಬಿಡಲಿಲ್ಲ. ಸಾಬರ ಹೆಂಡತಿಯನ್ನು ನಾನು ಮೊದಲಿನಿಂದ ಅಮ್ಮ ಅಂತಲೇ ಕರೆಯುತ್ತಿದ್ದೆ. ಅವರೂ ಮಗಳೂ ಮನೆಯಲ್ಲೇ ಹಾಳೆ ಹೊಲಿದು, ರಟ್ಟು ಕೂರಿಸಿ ಕೆಲಸ ಸಾಗಿಸಿದರು. ಕಚೇರಿಯ ಬೈಂಡಿಂಗು ಬೇರೆ ಕಡೆ ಹೋಗದ ಹಾಗೆ ನಾನು ನೋಡಿಕೊಂಡೆ. ಅದರಿಂದ ಏನು ಸರಿಹೋಯಿತು ಅಂತ ಕೇಳಬೇಡಿ. ಹೋದಾಗಲೆಲ್ಲ ಅಮ್ಮ ಗಂಡನನ್ನು ಬೈಯುತ್ತಿದ್ದರು. ಒಂದು ರುಜು ಹಾಕುವುದು ಆ ಮನುಷ್ಯನಿಗೆ ಅಷ್ಟು ಕಷ್ಟವಾಯಿತೇ, ಹೆರುವ ಮಗಳಿಗಿಂತ ಹಟ ದೊಡ್ಡದಾಯಿತೇ, ಓದಿದವರು ನೀವೇ ಹೇಳಿ ಅನ್ನುತ್ತಿದ್ದರು. ನಾನು ಟೀ ಕುಡಿದು ಎದ್ದು ಬರುತ್ತಿದ್ದೆ. ಆ ವರ್ಷವೇ ನನ್ನ ಕೆಲಸ ಖಾಯಂ ಆಯಿತು.

ಎಪ್ಪತ್ತೇಳರ ಚುನಾವಣೆಯಲ್ಲಿ ಸರ್ಕಾರ ಬದಲಾಗಿ, ನಿಷೇಧ ತೆಗೆದು, ಸಾಬರು ಮನೆಗೆ ಬಂದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಮೊಮ್ಮಗಳಿಗೆ ಆಗಲೇ ನಡೆಯಲು ಬರುತ್ತಿತ್ತು. ತಾತನನ್ನು ಕಂಡರೆ ಓಡಿಹೋಗಿ ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿತ್ತು. ನಾನು ಮೂರು ದಿನ ತಡೆದು, ನಾಲ್ಕನೆಯ ದಿನ ಹೋದೆ. ಅವರೊಬ್ಬರೇ ಅಂಗಡಿಯಲ್ಲಿ ಕೂತು, ಇಲಿ ಕಡಿದ ರಟ್ಟುಗಳನ್ನು ಬೇರೆ ಮಾಡುತ್ತಿದ್ದರು. ಕೂರುವುದಕ್ಕೆ ಮುಂಚೆಯೇ ಹೇಳಿಬಿಟ್ಟೆ. ಮೂರನೇ ಸಾಲು ಮೈಸೂರಿನದಲ್ಲ, ನನ್ನದು ಅಂದೆ.

ಅವರು ಕೆಲಸ ನಿಲ್ಲಿಸಲಿಲ್ಲ. ತಮಗೆ ಗೊತ್ತು ಅಂದರು. ಮುಚ್ಚಳಿಕೆ ಕೊಟ್ಟು ಮನೆಗೆ ಹೋಗಿದ್ದ ಕೆ.ಆರ್. ನಗರದ ಒಬ್ಬರನ್ನು ಎರಡು ತಿಂಗಳ ಮೇಲೆ ಮತ್ತೆ ಹಿಡಿದು ಮೈಸೂರು ಜೈಲಿಗೆ ತಂದರಂತೆ. ಅವರ ಕಾಗದದಲ್ಲಿ ಎರಡೇ ಸಾಲು ಇದ್ದದ್ದು. ಹಾಗಾದರೆ ನಿಮ್ಮನ್ನೂ ಮತ್ತೆ ಹಿಡಿಯುತ್ತಿದ್ದರೋ ಏನೋ ಅಂತ ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಹಿಡಿದಿದ್ದರೂ ಆ ಎರಡು ತಿಂಗಳು ಅವರು ಮನೆಯಲ್ಲಿರುತ್ತಿದ್ದರು, ಮಗು ಹುಟ್ಟಿದ್ದು ಆಗಲೇ.

ಸಿಟ್ಟು ಬರಲಿಲ್ಲವೇ ಅಂತ ಕೇಳಿದೆ. ಬಹಳ ಬಂತು, ಅಲ್ಲಿದ್ದವರ ಮುಂದೆ ನಿಮ್ಮನ್ನು ಕೆಟ್ಟದಾಗಿ ಬೈದೂ ಬೈದೆ ಅಂದರು. ಆಮೇಲೆ ಕೈ ಒರೆಸಿಕೊಂಡು ನನ್ನ ಮುಖ ನೋಡಿದರು.

"ನನಗೆ ಹೇಳಿದ್ರಿ, ಆಯ್ತು. ಒಳಗೆ ಹೋಗಿ ಅವಳಿಗೆ ಹೇಳಿ. ನಾನು ಹೇಳಿದ್ರೆ ನಂಬಲ್ಲ. ನನ್ನ ಹಟ ಅಂತಲೇ ತಿಳ್ಕೊಂಡವ್ಳೆ."

ಅಂಗಡಿಗೂ ಮನೆಗೂ ನಡುವೆ ಒಂದು ಬಟ್ಟೆಯ ಪರದೆ. ತಹಸೀಲ್ದಾರರ ಕೋಣೆಗೆ ಹೋಗಲು ಆಗದಿದ್ದವನು ಆ ಪರದೆ ದಾಟಿ ಹೋದೆ. ಅಮ್ಮ ನೆಲದ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದರು. ಮಗು ಅವರ ತೊಡೆಗೆ ಒರಗಿ ನಿಂತಿತ್ತು. ನಿಂತುಕೊಂಡೇ ಎಲ್ಲ ಹೇಳಿದೆ, ಸಾಲು ಸೇರಿಸಿದ್ದು, ಸುಳ್ಳು ಹೇಳಿದ್ದು, ಒಂದೂವರೆ ದಿನ ಸುಮ್ಮನೆ ಕೂತದ್ದು. ಅವರು ಮೊರ ಕೆಳಗಿಟ್ಟರು.

ಆ ಸಾಲು ಇರದಿದ್ದರೆ ಅವರು ರುಜು ಹಾಕುತ್ತಿದ್ದರಾ ಅಂತ ಕೇಳಿದರು. ಪೆನ್ನು ಕೈಯಲ್ಲಿ ಹಿಡಿದಿದ್ದರು ಅಮ್ಮಾ ಅಂದೆ.

"ಅಂದ್ರೆ ಇಷ್ಟು ದಿನ ನಾನು ಬೈದಿದ್ದು ಬೇರೆಯವರನ್ನ" ಅಂದರು.

ಮಗುವನ್ನು ಕಂಕುಳಿಗೆ ಎತ್ತಿಕೊಂಡು, ನನ್ನನ್ನು ದಾಟಿ, ಪರದೆ ಸರಿಸಿ ಅಂಗಡಿಗೆ ಹೋದರು. ಬೀದಿಯ ಜನ ನೋಡುವ ಕಡೆಗೆ ಅವರು ಹಾಗೆ ಹೋದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮಗು ಅತ್ತಿತು, ಕೈ ಕೊಸರಿತು. ಅವರು ಬಿಡಲಿಲ್ಲ, ತಂದು ಗಂಡನ ತೊಡೆಯ ಮೇಲೆ ಕೂರಿಸಿ, ಅಳಲಿ, ಅಭ್ಯಾಸ ಆಗಲಿ ಅಂದರು. ನಾನು ಒಳಗೇ ನಿಂತಿದ್ದೆ. ಹೊರಗೆ ಹೋಗಲು ಅವರನ್ನು ದಾಟಿಯೇ ಹೋಗಬೇಕಿತ್ತು. ಮಗು ಅಳು ನಿಲ್ಲಿಸುವವರೆಗೆ ಕಾದೆ.